ತಾಳೆ ನೋಡುವವರು ಯಾರು?



ಕಳೆದ ವರ್ಷ ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು ಬೇಡ, ನಿಮ್ಮಲ್ಲಿ ಕೆಲವರಿಗೆ ಅವನು ಸಹಪಾಠಿ. ಗಣಿತದಲ್ಲಿ ಅವನೇನೂ ತರಗತಿಗೆ ಮೊದಲಿಗನಲ್ಲ. ಆದರೆ ಉತ್ತರದ ಕೆಳಗೆ ಗೆರೆ ಎಳೆಯುವಾಗಲೂ ಅಳತೆಪಟ್ಟಿ ಇಟ್ಟೇ ಎಳೆಯುತ್ತಿದ್ದ ಹುಡುಗ. ಕಾಫಿ ಕುಡಿಯುವವರೆಗೂ ಏನೂ ಹೇಳಲಿಲ್ಲ. ಆಮೇಲೆ ಜೇಬಿನಿಂದ ಮಡಿಸಿದ ಒಂದು ಹಾಳೆಯನ್ನು ತೆಗೆದು, "ಸಾರ್, ಇದಕ್ಕೊಂದು ಉತ್ತರ ಬರೆದುಕೊಡಬೇಕು" ಎಂದ. ಅದು ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಕೊಟ್ಟಿದ್ದ ಕಾರಣ ಕೇಳುವ ನೋಟಿಸು.

ಬೆಂಗಳೂರಿನ ಹೊರವಲಯದ ಆ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳು ತಯಾರಾಗುತ್ತವೆ. ಇವನು ಅಲ್ಲಿನ ಸ್ಟೋರ್ಸ್ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಇದ್ದವನು. ಪಂಪಿಗೆ ಹಾಕುವ ರಬ್ಬರ್ ಸೀಲುಗಳು ಒಂದು ದಿನ 40 ಪೆಟ್ಟಿಗೆ ಬಂದವು. ಪೆಟ್ಟಿಗೆಗೆ 12ರಂತೆ ಒಟ್ಟು 480. ಕಂಪ್ಯೂಟರಿನಲ್ಲಿ ಆ ವಸ್ತುವಿನ ಅಳತೆಯ ಘಟಕವನ್ನು 'ಪೆಟ್ಟಿಗೆ' ಎಂದು ಇಡಲಾಗಿತ್ತು. ನಮೂದಿಸಿದವರು 480 ಎಂದು ಒತ್ತಿದರು. ಯಂತ್ರ ಅದನ್ನು 480 ಪೆಟ್ಟಿಗೆ ಎಂದು ತಿಳಿದು, 12ರಿಂದ ಗುಣಿಸಿ, 5,760 ಸೀಲುಗಳಿವೆ ಎಂದು ಬರೆದುಕೊಂಡಿತು. ಕೆಲವು ವಾರಗಳಲ್ಲಿ ನಿಜವಾದ 480 ಸೀಲುಗಳೂ ಮುಗಿದವು. ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ 5,280 ಉಳಿದಿದ್ದುದರಿಂದ ಅದು ಹೊಸ ಸರಕಿಗೆ ಬೇಡಿಕೆ ಕಳಿಸಲಿಲ್ಲ. ಒಂದು ಬೆಳಿಗ್ಗೆ ಪಂಪು ಜೋಡಿಸುವ ಸಾಲು ನಿಂತುಹೋಯಿತು. ಎರಡು ದಿನ ನಿಂತೇ ಇತ್ತು.

ತಪ್ಪು ನಮೂದು ಇವನ ಹೆಸರಿನ ಲಾಗಿನ್‌ನಿಂದ ಆಗಿತ್ತು. ಆದರೆ ಆ ನಮೂದು ಆಗಿದ್ದು ರಾತ್ರಿ ಪಾಳಿಯಲ್ಲಿ, ಇವನು ಮನೆಯಲ್ಲಿ ಮಲಗಿದ್ದಾಗ. ಬಳಕೆದಾರರ ಸಂಖ್ಯೆಗೆ ತಕ್ಕಂತೆ ತಂತ್ರಾಂಶಕ್ಕೆ ಹಣ ಕೊಡಬೇಕಾದ್ದರಿಂದ ಆಡಳಿತದವರು ಸ್ಟೋರ್ಸ್‌ಗೆ ಒಂದೇ ಲಾಗಿನ್ ಕೊಟ್ಟಿದ್ದರು. ಮೂರೂ ಪಾಳಿಯವರು ಇವನ ಹೆಸರಿನಲ್ಲೇ ಬರೆಯುತ್ತಿದ್ದರು. ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು. ಸಾಲು ನಿಲ್ಲುವ ನಾಲ್ಕು ದಿನ ಮೊದಲೇ ಇವನು ಮೇಲಿನವರ ಬಳಿ ಹೋಗಿ, "ಸೀಲು ಮುಗಿಯುತ್ತಾ ಬಂದಿದೆ, ತರಿಸಬೇಕು" ಎಂದು ಹೇಳಿದ್ದನಂತೆ. ಅವರು ಪರದೆಯನ್ನು ನೋಡಿ, "ಐದು ಸಾವಿರ ಇದೆಯಲ್ಲಯ್ಯಾ, ಸರಿಯಾಗಿ ಹುಡುಕು" ಎಂದು ಕಳಿಸಿದರಂತೆ.

ಆ ಹಾಳೆಯನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಕುಳಿತಿದ್ದೆ. ಅಂದಿನಿಂದ ಈ ವಿಷಯವನ್ನು ಕುರಿತು ಓದುತ್ತಾ, ಯೋಚಿಸುತ್ತಾ ಬಂದಿದ್ದೇನೆ. ನಿಮ್ಮಲ್ಲಿ ಹಲವರು ಇಂಥ ತಂತ್ರಾಂಶಗಳನ್ನು ಕಂಪನಿಗಳಲ್ಲಿ ಅಳವಡಿಸುವ ಉದ್ಯೋಗದಲ್ಲೇ ಇದ್ದೀರಿ. ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ದಯವಿಟ್ಟು ನಿಮ್ಮ ಕೆಲಸದಲ್ಲಿ ನೆನಪಿಡಿ.

ಈ ವಿಷಯ ತಿಳಿಯದ ನಮ್ಮ ಬಂಧುಗಳಿಗಾಗಿ ಮೊದಲು ಸ್ವಲ್ಪ ವಿವರಣೆ. ಒಂದು ಸೈಕಲ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ನಮ್ಮ ಕಾಲದ ಕಪ್ಪು ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 32, ಹಿಂದಿನ ಚಕ್ರದಲ್ಲಿ 40, ಒಟ್ಟು 72 ಕಡ್ಡಿಗಳಿರುತ್ತಿದ್ದವು. ನೂರು ಸೈಕಲ್ಲುಗಳಿಗೆ ಬೇಡಿಕೆ ಬಂದರೆ 7,200 ಕಡ್ಡಿ ಬೇಕು. ಉಗ್ರಾಣದಲ್ಲಿ 2,200 ಇದ್ದರೆ 5,000 ತರಿಸಬೇಕು. ಸೈಕಲ್ಲುಗಳನ್ನು 25ನೆಯ ದಿನ ಕಳಿಸಬೇಕು, ಜೋಡಿಸಲು 5 ದಿನ ಹಿಡಿಯುತ್ತದೆ, ಕಡ್ಡಿ ಬರಲು 10 ದಿನ ಆಗುತ್ತದೆ ಎಂದಾದರೆ 10ನೆಯ ದಿನದೊಳಗೆ ಕಡ್ಡಿಗೆ ಆರ್ಡರ್ ಹೋಗಿರಬೇಕು. ಇದು ಏಳನೆಯ ತರಗತಿಯ ಲೆಕ್ಕ. ಆದರೆ ಬೇರಿಂಗು, ಸರಪಳಿ, ಪೆಡಲು, ಬಣ್ಣ ಎಂದು ಸಾವಿರಾರು ವಸ್ತುಗಳಿಗೆ, ದಿನಕ್ಕೆ ನೂರಾರು ಬೇಡಿಕೆಗಳಿಗೆ ಇದೇ ಲೆಕ್ಕವನ್ನು ಮಾಡುತ್ತಾ ಹೋಗುವುದು ಮನುಷ್ಯನ ಕೈಯಲ್ಲಿ ಆಗುವ ಕೆಲಸವಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಈ ಹೊರೆಯನ್ನು ಕಂಪ್ಯೂಟರಿಗೆ ಹೊರಿಸತೊಡಗಿದರು. ಜೋಸೆಫ್ ಓರ್ಲಿಕಿ ಎಂಬವರು 1975ರಲ್ಲಿ ಈ ವಿಧಾನದ ಮೇಲೆ ಬರೆದ ಗ್ರಂಥ ಆ ಕ್ಷೇತ್ರಕ್ಕೆ ಪಠ್ಯವಾಯಿತು.

ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಸಂಸ್ಥೆಯನ್ನು ಬಿಟ್ಟುಬಂದ ಐವರು ಇಂಜಿನಿಯರುಗಳು ಸ್ಯಾಪ್ ಎಂಬ ಕಂಪನಿಯನ್ನು ಕಟ್ಟಿದರು. ಮಾರಾಟ, ಉಗ್ರಾಣ, ಖರೀದಿ, ಉತ್ಪಾದನೆ, ಲೆಕ್ಕಪತ್ರ ಎಲ್ಲವೂ ಒಂದೇ ಕಡತದಿಂದ ಓದಬೇಕು, ಒಂದೇ ಕಡತಕ್ಕೆ ಬರೆಯಬೇಕು ಎಂಬುದು ಅವರ ಕಲ್ಪನೆ. 1992ರಲ್ಲಿ ಅವರು ಹೊರತಂದ ಆರ್/3 ಎಂಬ ತಂತ್ರಾಂಶ ಜಗತ್ತಿನ ದೊಡ್ಡ ಕಾರ್ಖಾನೆಗಳನ್ನೆಲ್ಲ ಆವರಿಸಿತು. ಇಂಥ ತಂತ್ರಾಂಶಗಳಿಗೆ ಇಆರ್‌ಪಿ ಎಂಬ ಹೆಸರು ಬಿದ್ದಿದ್ದು 1990ರ ಸುಮಾರಿಗೆ. ಬೆಂಗಳೂರಿನಲ್ಲಿ ಸ್ಯಾಪ್‌ನ ಪ್ರಯೋಗಶಾಲೆ 1998ರಿಂದ ಇದೆ. ಈ ಪತ್ರ ಓದುತ್ತಿರುವ ಇಬ್ಬರು ಅಲ್ಲಿ ದುಡಿದವರು.

ಇದರ ಉಪಕಾರವನ್ನು ಅಲ್ಲಗಳೆಯುವಷ್ಟು ಹಳಬ ನಾನಲ್ಲ. ಹಿಂದೆ ಮಾರಾಟದವರ ಪುಸ್ತಕ ಬೇರೆ, ಉಗ್ರಾಣದವರ ಪುಸ್ತಕ ಬೇರೆ, ಲೆಕ್ಕದವರ ಪುಸ್ತಕ ಬೇರೆ. ತಿಂಗಳ ಕೊನೆಗೆ ಮೂರೂ ಮೂರು ಮಾತು ಹೇಳುತ್ತಿದ್ದವು. ಇಲ್ಲದ ಸರಕನ್ನು ಮಾರಾಟದವರು ಮಾರಿರುತ್ತಿದ್ದರು. ಇರುವ ಸರಕನ್ನೇ ಖರೀದಿಯವರು ಮತ್ತೆ ಕೊಂಡಿರುತ್ತಿದ್ದರು. ಒಮ್ಮೆ ಬರೆದರೆ ಎಲ್ಲರಿಗೂ ಕಾಣುವ ಒಂದೇ ಪುಸ್ತಕ ದೊಡ್ಡ ಸೌಕರ್ಯವೇ ಸರಿ.

ಆದರೆ ಮೇಷ್ಟ್ರ ಕಣ್ಣಿಗೆ ಇಲ್ಲೊಂದು ತೊಡಕು ಕಾಣುತ್ತದೆ. ನಾನು ನಿಮಗೆ ಭಾಗಾಕಾರ ಕಲಿಸುವಾಗ ಪ್ರತಿ ಉತ್ತರವನ್ನೂ ಗುಣಿಸಿ ತಾಳೆ ನೋಡಿ ಎಂದು ಪೀಡಿಸುತ್ತಿದ್ದೆ. ತಾಳೆ ನೋಡಲು ಎರಡು ದಾರಿಗಳಿರಬೇಕು. ಒಂದೇ ದಾರಿಯಲ್ಲಿ ಎರಡು ಸಲ ಹೋದರೆ ಅದೇ ತಪ್ಪು ಎರಡು ಸಲ ಆಗುತ್ತದೆ. ಹಿಂದಿನ ಮೂರು ಪುಸ್ತಕಗಳು ಕಿರಿಕಿರಿಯೇನೋ ನಿಜ, ಆದರೆ ಅವು ಒಂದಕ್ಕೊಂದು ಸಾಕ್ಷಿಗಳಾಗಿದ್ದವು. ಒಂದರಲ್ಲಿ ತಪ್ಪು ಬರೆದರೆ ಇನ್ನೊಂದು ಜಗಳಕ್ಕೆ ಬರುತ್ತಿತ್ತು. ಒಂದೇ ಪುಸ್ತಕವಾದಾಗ ಜಗಳ ನಿಂತಿತು. ತಪ್ಪು ನಮೂದಾದರೆ ಅದೇ ತಪ್ಪು ಎಲ್ಲರ ಪರದೆಯ ಮೇಲೂ ಏಕಕಾಲಕ್ಕೆ ಸತ್ಯವಾಗಿ ಕಾಣುತ್ತದೆ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಈ ಯಂತ್ರ ಕರುವಿಗೆ ಹುಲ್ಲನ್ನೂ ತರಿಸಿ, ಹಾಲಿನ ಲೆಕ್ಕವನ್ನೂ ಬರೆದಿಡುತ್ತದೆ.

ಇಂಥ ತಪ್ಪನ್ನು ಹಿಡಿಯಲು ತಂತ್ರಾಂಶದೊಳಗೇ ವ್ಯವಸ್ಥೆಯಿದೆ ಎಂದು ನಿಮ್ಮಲ್ಲಿ ಬಲ್ಲವರು ಹೇಳುತ್ತೀರಿ. ಹೌದು, ಕೊಟ್ಟ ಆರ್ಡರು, ಬಂದ ಸರಕು, ಸರಬರಾಜುದಾರನ ಬಿಲ್ಲು ಈ ಮೂರನ್ನೂ ಹೋಲಿಸಿ ವ್ಯತ್ಯಾಸವಿದ್ದರೆ ಎಚ್ಚರಿಸುವ ಏರ್ಪಾಡು ಇದೆ. ನನ್ನ ಶಿಷ್ಯನ ಕಾರ್ಖಾನೆಯಲ್ಲೂ ಆ ಎಚ್ಚರಿಕೆ ಬಂದಿತ್ತಂತೆ. ಆದರೆ ದಿನಕ್ಕೆ ನೂರಾರು ಎಚ್ಚರಿಕೆಗಳು ಬರುವ ಕಡೆ ಯಾರೋ ಅದನ್ನೂ 'ಸರಿ' ಎಂದು ಒತ್ತಿ ಮುಂದೆ ಕಳಿಸಿದ್ದರು. ಹಾಗಾದರೆ ಕೊನೆಗೆ ಉಳಿಯುವ ಸಾಕ್ಷಿ ಯಾವುದು? ಗೋದಾಮಿನ ಆ ಕಪಾಟು, ಮತ್ತು ಅದರ ಮುಂದೆ ನಿಂತು ಕಣ್ಣಾರೆ ನೋಡುವ ಮನುಷ್ಯ. ಅವನ ಮಾತನ್ನೂ ತಳ್ಳಿಹಾಕಿದರೆ ತಾಳೆ ನೋಡಲು ಏನೂ ಉಳಿಯುವುದಿಲ್ಲ.

ದೊಡ್ಡ ಕಂಪನಿಗಳೂ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿವೆ. ಅಮೆರಿಕದ ಹರ್ಷೀಸ್ ಎಂಬ ಚಾಕೊಲೇಟ್ ಕಂಪನಿ 1999ರಲ್ಲಿ 11 ಕೋಟಿ 20 ಲಕ್ಷ ಡಾಲರು ವೆಚ್ಚದಲ್ಲಿ ಇಂಥ ಹೊಸ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಏಪ್ರಿಲ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಜುಲೈಗೆ ಜಾರಿತು. ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಅಲ್ಲಿನ ಮಕ್ಕಳಿಗೆ ಮಿಠಾಯಿ ಹಂಚುವ ಪದ್ಧತಿ. ವರ್ಷದ ದೊಡ್ಡ ವ್ಯಾಪಾರ ಆಗಲೇ. ಆ ಸಮಯಕ್ಕೆ ಸರಿಯಾಗಿ ಸುಮಾರು 10 ಕೋಟಿ ಡಾಲರು ಬೆಲೆಯ ಬೇಡಿಕೆಗಳನ್ನು ಕಂಪನಿಗೆ ಪೂರೈಸಲಾಗಲಿಲ್ಲ. ಆ ತ್ರೈಮಾಸಿಕದ ಲಾಭ 19 ಪ್ರತಿಶತ ಕುಸಿಯಿತು. ವಿಚಿತ್ರವೆಂದರೆ, ಬೇಕಾದ ಮಿಠಾಯಿಯ ಬಹುಪಾಲು ಅವರ ಬಳಿಯೇ ಇತ್ತು. ಹಬ್ಬದ ಒತ್ತಡದ ಕಾಲದಲ್ಲಿ ಹೆಚ್ಚುವರಿ ಸರಕನ್ನು ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ಇಡುವುದು ಆ ಕಂಪನಿಯ ಹಳೆಯ ರೂಢಿ. ಆ ಜಾಗಗಳು ಹೊಸ ವ್ಯವಸ್ಥೆಯಲ್ಲಿ ಸರಿಯಾಗಿ ನಮೂದಾಗಿರಲಿಲ್ಲ ಎಂದು ಆಮೇಲೆ ಬಂದ ವಿಶ್ಲೇಷಣೆಗಳು ಹೇಳಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಳೆಯ ನೌಕರರ ತಲೆಯಲ್ಲಿದ್ದ ತಿಳಿವಳಿಕೆಯನ್ನು ಯಾರೂ ಕೂರಿಸಿಕೊಂಡು ಕೇಳಿ ಬರೆದುಕೊಂಡಿರಲಿಲ್ಲ.

ಟಾರ್ಗೆಟ್ ಎಂಬ ಅಮೆರಿಕದ ಅಂಗಡಿಗಳ ಸಂಸ್ಥೆ 2013ರಲ್ಲಿ ಕೆನಡಾಕ್ಕೆ ಕಾಲಿಟ್ಟಿತು. ಅವಸರದಲ್ಲಿ ಹೊಸ ವ್ಯವಸ್ಥೆ. ಹತ್ತಾರು ಸಾವಿರ ವಸ್ತುಗಳ ವಿವರಗಳನ್ನು ಅದರೊಳಗೆ ತುಂಬಬೇಕು. ಅನುಭವವಿಲ್ಲದ ಎಳೆಯ ನೌಕರರು ಗಡುವಿನ ಒತ್ತಡದಲ್ಲಿ ತುಂಬುತ್ತಾ ಹೋದರು. ಸೆಂಟಿಮೀಟರ್ ಬರೆಯಬೇಕಾದಲ್ಲಿ ಅಂಗುಲ, ಅಗಲ ಬರೆಯಬೇಕಾದಲ್ಲಿ ಎತ್ತರ. ಇದರ ಮೇಲೆ ಯಂತ್ರ ಲಾರಿ, ಗೋದಾಮು, ಕಪಾಟುಗಳ ಲೆಕ್ಕ ಹಾಕಿತು. ಗೋದಾಮುಗಳು ಸರಕಿನಿಂದ ಕಿಕ್ಕಿರಿದವು, ಅಂಗಡಿಯ ಕಪಾಟುಗಳು ಖಾಲಿ ನಿಂತವು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಖಾಲಿ ಕಪಾಟಿನ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುತ್ತಾನೆಯೇ? ಎರಡು ವರ್ಷಕ್ಕೆ, 2015ರಲ್ಲಿ, 133 ಅಂಗಡಿಗಳೂ ಮುಚ್ಚಿದವು. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಘಟಕ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕ ಕಳೆಯುತ್ತಿದ್ದಾಗ, "ಬರೀ ಅರ್ಧ ಅಂಕಕ್ಕೆ ಮೇಷ್ಟ್ರು ಪ್ರಾಣ ತಿನ್ನುತ್ತಾರೆ" ಎಂದು ನೀವು ಗೊಣಗಿಕೊಳ್ಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಈ ಎರಡು ಕಡೆಗಳಲ್ಲಿ ಹೋದದ್ದು ಹಣ ಮತ್ತು ಉದ್ಯೋಗ. ಬ್ರಿಟನ್ನಿನಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ ತನ್ನ ಸಾವಿರಾರು ಶಾಖೆಗಳಲ್ಲಿ ಹೊರೈಜನ್ ಎಂಬ ತಂತ್ರಾಂಶವನ್ನು ಹಾಕಿತು. ಮಾರಾಟ, ಸರಕು, ನಗದು ಎಲ್ಲದರ ಲೆಕ್ಕವೂ ಅದರಲ್ಲೇ. ಆ ತಂತ್ರಾಂಶದಲ್ಲಿ ದೋಷಗಳಿದ್ದವು. ಇಲ್ಲದ ಕೊರತೆಯನ್ನು ಇದೆಯೆಂದು ತೋರಿಸುತ್ತಿತ್ತು. ಶಾಖೆ ನಡೆಸುತ್ತಿದ್ದ ಸಾಮಾನ್ಯ ಜನ ಸಹಾಯಕ್ಕಾಗಿ ದೂರವಾಣಿ ಮಾಡಿದರೆ, ನಿಮ್ಮೊಬ್ಬರಿಗೇ ಈ ತೊಂದರೆ ಎಂಬ ಉತ್ತರ ಬರುತ್ತಿತ್ತೆಂದು ಅನೇಕರು ಸಾಕ್ಷ್ಯ ನುಡಿದಿದ್ದಾರೆ. ಕೊರತೆಯನ್ನು ಅವರು ತಮ್ಮ ಕೈಯಿಂದ ತುಂಬಬೇಕಾಯಿತು. ಒಂಬೈನೂರಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳ ಮೇಲೆ ಶಿಕ್ಷೆಗೆ ಒಳಗಾದರು. ಕೆಲವರು ಸೆರೆಮನೆಗೆ ಹೋದರು. ತಂತ್ರಾಂಶವೇ ದೋಷಪೂರಿತವಾಗಿತ್ತೆಂದು ಉಚ್ಚ ನ್ಯಾಯಾಲಯ ಹೇಳಿದ್ದು 2019ರಲ್ಲಿ. ಅವರನ್ನು ಒಟ್ಟಾಗಿ ನಿರ್ದೋಷಿಗಳನ್ನಾಗಿಸುವ ಕಾನೂನು ಬಂದದ್ದು 2024ರಲ್ಲಿ. ಅಷ್ಟು ಹೊತ್ತಿಗೆ ಕೆಲವರು ತೀರಿಕೊಂಡಿದ್ದರು. ಎದುರಿಗೆ ನಿಂತು "ನಾನು ತೆಗೆದುಕೊಂಡಿಲ್ಲ" ಎನ್ನುವ ಮನುಷ್ಯನಿಗಿಂತ ಪರದೆಯ ಮೇಲಿನ ಅಂಕಿ ಹೆಚ್ಚು ಪ್ರಾಮಾಣಿಕ ಎಂದು ಒಂದು ದೇಶದ ನ್ಯಾಯಾಲಯಗಳೇ ವರ್ಷಾನುಗಟ್ಟಲೆ ನಂಬಿದ್ದವು.

ಬೇರೆಯವರ ತಪ್ಪನ್ನು ಎಣಿಸುವುದು ಸುಲಭ. ನನ್ನದನ್ನೂ ಹೇಳಿಬಿಡುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಪ್ರೌಢಶಾಲೆಗೆ ಬಿಸಿಯೂಟ ಬಂದ ಮೇಲೆ ಕೆಲವು ವರ್ಷ ಅದರ ದಾಸ್ತಾನು ಪುಸ್ತಕ ನನ್ನ ಜವಾಬ್ದಾರಿಯಾಗಿತ್ತು. ಒಂದು ಮಳೆಗಾಲದ ಸಂಜೆ ಅಕ್ಕಿಯ ಲಾರಿ ಬಂತು. 20 ಮೂಟೆ, ಮೂಟೆಗೆ 50 ಕಿಲೋ ಎಂದು ಕಾಗದದಲ್ಲಿತ್ತು. ಚಾಲಕನಿಗೆ ಅವಸರ, ನನಗೆ ಬಸ್ಸಿನ ಚಿಂತೆ. ಮೂಟೆಗಳನ್ನು ಎಣಿಸಿ, 1,000 ಕಿಲೋ ಎಂದು ಬರೆದು, ಸಹಿ ಹಾಕಿದೆ. ತೂಗಲಿಲ್ಲ. ದಿನಗಳು ಕಳೆದು ಮೂರು ಮೂಟೆ ಉಳಿದಾಗ ಪುಸ್ತಕಕ್ಕೂ ಅಕ್ಕಿಗೂ ಹೊಂದಲಿಲ್ಲ. ಸುಮಾರು 40 ಕಿಲೋ ಕಡಿಮೆ. ನಾನು ಅಡುಗೆಯ ಅಮ್ಮನನ್ನು ಕರೆದು, ಇತರ ಶಿಕ್ಷಕರ ಎದುರಿಗೇ, ಅಕ್ಕಿ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಕೇಳಿದ ಧ್ವನಿ ಒಳ್ಳೆಯದಿರಲಿಲ್ಲ. ಆಕೆ ತಲೆ ತಗ್ಗಿಸಿ ನಿಂತರು. ಮರುದಿನ ಬೆಳಿಗ್ಗೆ ಊರಿನ ಅಂಗಡಿಯಿಂದ ತಕ್ಕಡಿ ತರಿಸಿ, "ಸಾರ್, ಬಿಚ್ಚದೇ ಇರೋ ಮೂರು ಮೂಟೆ ಐತೆ. ನೀವೇ ತೂಗಿ" ಎಂದರು. ತೂಗಿದೆ. 48, ನಲವತ್ತೇಳೂವರೆ, 48. ಇಪ್ಪತ್ತು ಮೂಟೆಗೆ ಗುಣಿಸಿ ನೋಡಿದಾಗ ಕೊರತೆಯ ಲೆಕ್ಕ ಬಗೆಹರಿಯಿತು. ಆ ಅಕ್ಕಿ ನಮ್ಮ ಶಾಲೆಗೆ ಬಂದೇ ಇರಲಿಲ್ಲ. ಬಂದಿದೆ ಎಂದು ನನ್ನ ಸಹಿ ಹೇಳುತ್ತಿತ್ತು.

ನನ್ನ ಪುಸ್ತಕ ಕಾಗದದ್ದು, ಅವರದು ಕಂಪ್ಯೂಟರಿನದು, ವ್ಯತ್ಯಾಸ ಅಷ್ಟೇ. ಬರೆದದ್ದೇ ಸತ್ಯ ಎಂದು ನಾನು ನಂಬಿದ್ದೆ, ಬರೆದವನು ನಾನೇ ಆದ್ದರಿಂದ ಇನ್ನೂ ಗಟ್ಟಿಯಾಗಿ ನಂಬಿದ್ದೆ. ಅಡುಗೆ ಮನೆಯಲ್ಲಿ ದಿನವೂ ಅಕ್ಕಿಗೆ ಕೈಹಾಕುವ ಹೆಂಗಸಿಗೆ ಗೊತ್ತಿದ್ದುದನ್ನು ಕೇಳುವ ವ್ಯವಧಾನ ನನಗಿರಲಿಲ್ಲ. ಆಕೆಯಲ್ಲಿ ಕ್ಷಮೆ ಕೇಳಿದೆ. ಆದರೆ ಕೇಳಿದ್ದು ಒಬ್ಬರೇ ಇದ್ದಾಗ, ಆರೋಪಿಸಿದಂತೆ ಎಲ್ಲರ ಎದುರಿಗಲ್ಲ. ಆ ಕೊರಗು ಇನ್ನೂ ಇದೆ.

ಆದ್ದರಿಂದ, ತಂತ್ರಾಂಶ ಅಳವಡಿಸುವ ಉದ್ಯೋಗದಲ್ಲಿರುವ ನನ್ನ ಶಿಷ್ಯರಲ್ಲಿ ಕೆಲವು ವಿನಂತಿಗಳಿವೆ. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಸಭೆ ಮಾಡಿ ವ್ಯವಸ್ಥೆಯನ್ನು ರೂಪಿಸುವಾಗ, ಉಗ್ರಾಣದಲ್ಲಿ ಇಪ್ಪತ್ತು ವರ್ಷ ದುಡಿದವನನ್ನೂ ಕರೆದು ಕೂರಿಸಿಕೊಳ್ಳಿ. ಅವನಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಕೇಳಿ. ಪ್ರತಿಯೊಬ್ಬ ನೌಕರನಿಗೂ ಅವನದೇ ಲಾಗಿನ್ ಕೊಡಿಸಿ. ಒಬ್ಬನ ಹೆಸರಿನಲ್ಲಿ ಹತ್ತು ಜನ ಬರೆಯುವುದು ಲೆಕ್ಕವಲ್ಲ, ಬಲೆ. "ಪರದೆಯಲ್ಲಿ ಇದೆ, ಕಪಾಟಿನಲ್ಲಿ ಇಲ್ಲ" ಎಂದು ಅವನು ಬರೆದಿಡಲು ಅದೇ ವ್ಯವಸ್ಥೆಯೊಳಗೆ ಒಂದು ಜಾಗ ಮಾಡಿ, ಹಾಗೆ ಬರೆದಾಗ ಮೊದಲು ಹೋಗಿ ಎಣಿಸುವ ನಿಯಮ ಇರಲಿ. ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ಕೆಲವೇ ವಸ್ತುಗಳನ್ನು ಎಣಿಸುತ್ತಾ ಹೋಗುವ ಒಳ್ಳೆಯ ಪದ್ಧತಿ ನಿಮ್ಮಲ್ಲೇ ಇದೆಯೆಂದು ಓದಿದ್ದೇನೆ. ಖರ್ಚು ಉಳಿಸುವ ನೆಪದಲ್ಲಿ ಅದನ್ನು ಕೈಬಿಡಲು ಬಿಡಬೇಡಿ. ಇದರಿಂದ ಮಾಲೀಕರಿಗೇನು ಲಾಭ ಎಂದು ಕೇಳಿದರೆ, ಎರಡು ದಿನ ನಿಂತ ಆ ಸಾಲಿನ ನಷ್ಟವನ್ನು ಲೆಕ್ಕ ಹಾಕಿ ತೋರಿಸಿ.

ನಾನು ಬರೆದುಕೊಟ್ಟ ಉತ್ತರ ಫಲಿಸಲಿಲ್ಲ. ಹಾಜರಿ ಪುಸ್ತಕದ ಪ್ರತಿಯನ್ನು ಲಗತ್ತಿಸಿದ್ದರೂ, ಲಾಗಿನ್ ಅವನದೇ ಎಂಬ ಒಂದು ಮಾತಿಗೆ ಎಲ್ಲವೂ ಮುಗಿಯಿತು. ರಾಜೀನಾಮೆ ಕೊಡುವುದು ಲೇಸೆಂದು ಸೂಚಿಸಿದರು, ಕೊಟ್ಟ. ಈಗ ನಮ್ಮ ಪಟ್ಟಣದಲ್ಲೇ ಒಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅಲ್ಲಿಯೂ ಕಂಪ್ಯೂಟರ್ ಇದೆ; 1986ರಲ್ಲಿ ತಂದೆ ಮತ್ತು ಮಗ ಸೇರಿ ಕಟ್ಟಿದ ನಮ್ಮ ಬೆಂಗಳೂರಿನ ಕಂಪನಿಯ ಟ್ಯಾಲಿ ತಂತ್ರಾಂಶವನ್ನೇ ಬಳಸುತ್ತಾರೆ. ನಮ್ಮ 'ತಾಳೆ'ಗೂ ಆ ಹೆಸರಿಗೂ ಇರುವ ಉಚ್ಚಾರದ ನಂಟು ಆಕಸ್ಮಿಕವೇ ಇರಬಹುದು, ಆದರೆ ನನಗೆ ಅದು ಇಷ್ಟ.

ಕಳೆದ ಶನಿವಾರ ಆ ದಾರಿಯಲ್ಲಿ ಹೋಗುತ್ತಾ ಅಂಗಡಿಯೊಳಗೆ ಇಣುಕಿದೆ. ಕಂಪ್ಯೂಟರಿನಲ್ಲಿ ಯೂರಿಯಾ 64 ಚೀಲ ಇತ್ತು; ಇವನ ಎಣಿಕೆಗೆ 61 ಬಂದಿತ್ತು. ಅಂಗಡಿಯ ಯಜಮಾನರು, ನನ್ನಷ್ಟೇ ವಯಸ್ಸಾದವರು, ಕನ್ನಡಕ ಸರಿಪಡಿಸಿಕೊಂಡು ಎದ್ದರು. "ನಡಿಯಪ್ಪಾ, ಇನ್ನೊಂದು ಸಲ ಇಬ್ಬರೂ ಎಣಿಸೋಣ" ಎಂದು ಅವನ ಹೆಗಲ ಮೇಲೆ ಕೈಯಿಟ್ಟು ಗೋದಾಮಿನ ಕಡೆಗೆ ಹೊರಟರು. ನಾನು ಅಂಗಡಿಯ ಬೆಂಚಿನ ಮೇಲೆ ಕುಳಿತು ಕಾದೆ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಗಣಿತದ ಮೇಷ್ಟ್ರು